ಎಂಟುನೂರು ಗ್ರಾಮು

"ಎಂಟುನೂರು ಗ್ರಾಮು ಎಲ್ಲಿ ಹೋಯ್ತು ಅಂತ ಕೇಳ್ತಿದೀನಿ ಭಾವ. ಗಡಿಯಾರಕ್ಕೇನು ರೆಕ್ಕೆ ಬಂದಿತ್ತಾ, ದಾರೀಲಿ ಅರ್ಧ ಹಾರಿಹೋಗೋಕೆ?"

ಭಾವ ತಲೆ ಎತ್ತಲಿಲ್ಲ. ಪೆಟ್ಟಿಗೆಗೆ ಸುತ್ತಿದ ಹುರಿಯ ಮೇಲೆ ಎಡಗೈ ಹೆಬ್ಬೆರಳನ್ನು ಒತ್ತಿ ಹಿಡಿದು ಬಲಗೈಯಿಂದ ಗಂಟು ಬಿಗಿಯುತ್ತಿದ್ದರು.

"ಕೂಗಬೇಡ. ಗಂಟು ತಪ್ಪತ್ತೆ."

"ಗಂಟು ಹಾಳಾಗಿ ಹೋಗ್ಲಿ! ಊರೆಲ್ಲ ಓದೋ ಹಾಗೆ ಬರ್ದಿದಾನೆ ಆ ಗಿರಾಕಿ, ಕೇಳಿಸ್ಕೊಳ್ಳಿ. 'ಗಡಿಯಾರ ಚೆನ್ನಾಗಿದೆ, ಓಡುತ್ತಿದೆ. ಆದರೆ ನನ್ನಿಂದ ನಾಲ್ಕು ಕಿಲೋ ಇನ್ನೂರಕ್ಕೆ ಅಂಚೆವೆಚ್ಚ ಕಿತ್ತುಕೊಂಡರು. ಪೆಟ್ಟಿಗೆಯ ಮೇಲಿನ ಅಂಚೆ ಚೀಟಿಯಲ್ಲಿ ಮೂರು ಕಿಲೋ ನಾನೂರು ಎಂದಿದೆ. ಉಳಿದ ಎಂಟುನೂರು ಗ್ರಾಂ ಮಾರಿದವರ ಹೊಟ್ಟೆಯಲ್ಲಿದೆಯೇ? ಇವರಲ್ಲಿ ಕೊಳ್ಳುವವರು ಹುಷಾರಾಗಿರಿ.' ಹುಷಾರಾಗಿರಿ ಅಂತೆ! ನನ್ನ ಹತ್ರ!"

"ಅಂಚೆಯವರು ತೂಗಿದ್ದು ಸರಿಯಾಗೇ ಇರತ್ತೆ," ಎಂದರು ಭಾವ.

"ಅಂದ್ರೆ ನಾನು ತೂಗಿದ್ದು ತಪ್ಪು?"

"ನಾನು ಹಾಗಂದ್ನಾ?"

ಹೇಳಿ ನಕ್ಕರು. ನಗು ಎಂದರೆ ನಗುವೂ ಅಲ್ಲ, ಬಾಯಿಯ ಒಂದು ಮೂಲೆ ಸ್ವಲ್ಪ ಮೇಲಕ್ಕೆ ಹೋಗಿ ಬಂತು ಅಷ್ಟೆ. ಅವನ ಮೈಯಲ್ಲಿ ಇರುವೆ ಹರಿದಂತಾಯಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ "ರೀ, ಸಾಕು ಬಿಡಿ" ಎಂದಳು. ಭಾವ ಎರಡು ಪೆಟ್ಟಿಗೆಗಳನ್ನು ಚೀಲಕ್ಕೆ ಇಳಿಸಿ, ಅವನು ಬೆಳಗ್ಗೆಯೇ ತೂಕ ಬರೆದು ಹಣ ಮಡಚಿಟ್ಟಿದ್ದ ಚೀಟಿಯನ್ನು ಮೇಜಿನ ಮೇಲಿನಿಂದ ತೆಗೆದುಕೊಂಡು, ಮೆಟ್ಟಿಲಲ್ಲಿ ಕೂತು ಬೂಟಿನ ದಾರ ಕಟ್ಟಿಕೊಂಡು ಹೊರಟರು. ಬೂಟು ಹೊಸದು. ಇದನ್ನು ಅವನು ಈಗ ಗಮನಿಸಿದ.

ಬೆಳಗ್ಗೆ ಹಲ್ಲುಜ್ಜುವ ಮೊದಲೇ ಅವನು ಫೋನಿನಲ್ಲಿ ಆ ದೂರಿನ ಪಕ್ಕದ ಕೆಂಪು ಗುರುತನ್ನು ನೋಡಿದ್ದ. ಮೂರು ವರ್ಷಗಳಿಂದ ಹಳೆಯ ಗೋಡೆಗಡಿಯಾರಗಳನ್ನು ಕೊಂಡು, ಬಿಚ್ಚಿ, ತುಕ್ಕು ತೆಗೆದು, ಮತ್ತೆ ಉಸಿರಾಡುವಂತೆ ಮಾಡಿ ಆನ್‌ಲೈನ್ ಹರಾಜಿಗೆ ಇಡುತ್ತಿದ್ದ. ನಾನೂರ ಹನ್ನೆರಡು ಗಿರಾಕಿಗಳು ಅವನ ಹೆಸರಿನ ಮುಂದೆ ಹಸಿರು ಗುರುತು ಒತ್ತಿ ಒಳ್ಳೆಯ ಮಾತು ಬರೆದಿದ್ದರು. ಮುಖ ನೋಡದ ಜನರ ಆ ಮಾತುಗಳನ್ನು ಅವನು ರಾತ್ರಿ ಮಲಗುವ ಮುಂಚೆ ಒಂದೆರಡು ಓದಿಕೊಳ್ಳುತ್ತಿದ್ದ. 'ನಂಬಿಕಸ್ಥ ಮನುಷ್ಯ' ಎಂದು ಒಬ್ಬ ಬರೆದಿದ್ದ. ಆ ಮಾತನ್ನು ಅವನ ಅಪ್ಪ ಹೇಳಿರಲಿಲ್ಲ, ಮೇಷ್ಟ್ರು ಹೇಳಿರಲಿಲ್ಲ, ಇಪ್ಪತ್ತು ವರ್ಷ ಕೈಕೆಳಗೆ ದುಡಿಸಿಕೊಂಡ ಗಡಿಯಾರದ ಅಂಗಡಿಯ ಯಜಮಾನ ಹೇಳಿರಲಿಲ್ಲ. ಆ ಯಜಮಾನ ಸಂಜೆ ಬಾಗಿಲು ಹಾಕುವಾಗ ಎಲ್ಲರ ಎದುರಿಗೆ ಇವನ ಅಂಗಿಯ ಜೇಬು ತಟ್ಟಿ ನೋಡಿ ಕಳಿಸುತ್ತಿದ್ದ. ತಮಾಷೆಗೆ ಎನ್ನುವಂತೆ ತಟ್ಟುತ್ತಿದ್ದ. ಒಂದು ದಿನವೂ ತಪ್ಪಿಸುತ್ತಿರಲಿಲ್ಲ.

ತಕ್ಕಡಿ ತಪ್ಪಿರಬಹುದೇ? ಸಾಧ್ಯವಿಲ್ಲ. ಪ್ರತಿ ಸೋಮವಾರ ಒಂದು ಕಿಲೋದ ಹಿತ್ತಾಳೆ ತೂಕದ ಬಟ್ಟನ್ನು ಅದರ ಮೇಲಿಟ್ಟು ಪರೀಕ್ಷೆ ಮಾಡುತ್ತಾನೆ. ಈಗಲೂ ಇಟ್ಟ. ಸಾವಿರ ಎಂದಿತು, ಒಂದು ಗ್ರಾಂ ಹೆಚ್ಚಿಲ್ಲ ಕಡಿಮೆಯಿಲ್ಲ. ಪೆಟ್ಟಿಗೆಯಿಂದ ಏನನ್ನಾದರೂ ತೆಗೆದಿದ್ದರೆ? ಗಡಿಯಾರ ಓಡುತ್ತಿದೆ ಎಂದು ಆ ಪುಣ್ಯಾತ್ಮನೇ ಬರೆದಿದ್ದಾನೆ. ಲೋಲಕ ಇದೆ, ಚಾವಿ ಇದೆ. ಹಾಗಾದರೆ ಉಳಿಯುವುದು ಒಂದೇ ದಾರಿ. ತಕ್ಕಡಿಯಿಂದ ಅಂಚೆ ಕಚೇರಿಯ ಕಿಟಕಿಯವರೆಗೆ ಪೆಟ್ಟಿಗೆಯ ಜೊತೆಗಿರುವ ಕೈ ಒಂದೇ. ಕಿಟಕಿಯ ಆಚೆ ಇನ್ನೊಂದು ಕೈ. ಇವರಿಬ್ಬರೂ ಸೇರಿ ಕಡಿಮೆ ತೂಕದ ಚೀಟಿ ಅಂಟಿಸಿ ಉಳಿದದ್ದನ್ನು ಹಂಚಿಕೊಂಡರೆ ಯಾರು ಕೇಳುತ್ತಾರೆ? ಮೂರು ವರ್ಷ ಅವನು ಭಾವನಿಂದ ಲೆಕ್ಕ ಕೇಳಿರಲಿಲ್ಲ. ಕೇಳದೆ ಇದ್ದದ್ದು ತನ್ನ ದೊಡ್ಡತನ ಎಂದುಕೊಂಡಿದ್ದ. ಅಕ್ಕ ಸತ್ತ ಮೇಲೆ ಭಾವ ಒಂದು ಟ್ರಂಕು ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಾಗ "ಎಷ್ಟು ದಿನಕ್ಕೆ?" ಎಂದು ಕೇಳಲಿಲ್ಲವಲ್ಲ, ಅದೇ ದೊಡ್ಡತನ. ಹಿಂದಿನ ಕೋಣೆಯ ತುಂಬ ಇದ್ದ ಗಡಿಯಾರದ ಚಕ್ರ, ಸ್ಪ್ರಿಂಗುಗಳನ್ನು ಒಂದು ಮೂಲೆಗೆ ತಳ್ಳಿ ಮಂಚಕ್ಕೆ ಜಾಗ ಮಾಡಿಕೊಟ್ಟಿದ್ದ. ಆದರೆ ತಟ್ಟೆಗೆ ಎರಡನೇ ಸಲ ಬಡಿಸಿಕೊಳ್ಳುವಾಗ ಭಾವ ಒಮ್ಮೆ ತನ್ನ ಮುಖ ನೋಡುತ್ತಾರೆ ಎನ್ನುವುದನ್ನೂ ಅವನು ಗಮನಿಸಿದ್ದ. ಗಮನಿಸಿ, ಅವರು ನೋಡುವ ಹೊತ್ತಿಗೆ ಸರಿಯಾಗಿ ಬೇರೆ ಕಡೆ ನೋಡುತ್ತಿದ್ದ. ಬೇಕೆಂದೇ ನೋಡುತ್ತಿದ್ದನೇ? ಆ ಪ್ರಶ್ನೆ ಎದ್ದಾಗಲೆಲ್ಲ ಅವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಯಾವುದಾದರೊಂದು ಯಂತ್ರದೊಳಗೆ ಇಳಿದುಬಿಡುತ್ತಿದ್ದ.

ಫೋನು ಮತ್ತೆ ಕೈಗೆ ಬಂತು. ಕೆಂಪು ಗುರುತಿನ ಕೆಳಗೆ 'ಮಾರಿದವರ ಉತ್ತರ' ಎಂದು ಖಾಲಿ ಜಾಗವಿತ್ತು. ಒಂದೇ ಉತ್ತರಕ್ಕೆ ಅವಕಾಶ, ಆಮೇಲೆ ಬದಲಿಸಲಾಗದು ಎಂದು ಸಣ್ಣ ಅಕ್ಷರದಲ್ಲಿ ಇತ್ತು. ಸಣ್ಣ ಅಕ್ಷರಗಳನ್ನೇ ಓದಿ ಬದುಕುವ ಅವನು ಇದನ್ನೂ ಓದಿದ. ಓದಿಯೂ ಹೆಬ್ಬೆರಳು ನಿಲ್ಲಲಿಲ್ಲ. 'ಸ್ವಾಮಿ, ನಾನು ಕಳ್ಳನಲ್ಲ. ನಮ್ಮಲ್ಲಿ ಪಾರ್ಸೆಲ್ ಒಯ್ಯುವ ಒಬ್ಬ ಮುದುಕನಿದ್ದಾನೆ. ಕೈ ಚುರುಕು. ಅವನನ್ನು ಇವತ್ತೇ ತೆಗೆದುಹಾಕಿದ್ದೇನೆ. ಕ್ಷಮಿಸಿ.' ಒತ್ತಿದ ಮೇಲೆ ಎದೆ ಹಗುರಾಯಿತು. ಹಗುರಾದದ್ದು ಎರಡು ನಿಮಿಷ. ಆಮೇಲೆ ಅನ್ನಿಸಿತು, ಬರೆದದ್ದಕ್ಕೆ ಈಗ ಸಾಕ್ಷಿ ಬೇಕು. ಚಪ್ಪಲಿ ಮೆಟ್ಟಿಕೊಂಡು ಹೊರಟ.

"ಎಲ್ಲಿಗೆ?" ಎಂದಳು ಹೆಂಡತಿ.

"ಗಾಳಿಗೆ."

"ನಿಮಗೆ ಯಾವ ಕಾಲದಲ್ಲಿ ಗಾಳಿ ಬೇಕಾಗಿತ್ತು?"

ಎರಡು ಬೀದಿ ದಾಟುವಷ್ಟರಲ್ಲಿ ಭಾವ ಕಾಣಿಸಿದರು. ಚೀಲದ ಭಾರಕ್ಕೆ ಒಂದು ಭುಜ ಕೆಳಗಾಗಿ, ನಾಲ್ಕು ಕಂಬಕ್ಕೊಮ್ಮೆ ನಿಂತು ಕೈ ಬದಲಾಯಿಸಿಕೊಳ್ಳುತ್ತಿದ್ದರು. ಅವರು ನಿಂತಾಗ ಅವನೂ ನಿಂತ. ಬೀಗ ರಿಪೇರಿಯವನ ಅಂಗಡಿಯ ಕನ್ನಡಿಯಲ್ಲಿ ತನ್ನ ಮುಖ ಕಂಡಿತು. ಕುತ್ತಿಗೆ ಮುಂದೆ ಮಾಡಿ ಬೆಕ್ಕಿನಂತೆ ಹೆಜ್ಜೆಯಿಡುವ ಆ ಮನುಷ್ಯ ಯಾರು? ಹೀಗೆ ನಡೆಯುವವನನ್ನು ಕಂಡರೆ ತಾನೇ ಜೇಬು ತಟ್ಟಿ ನೋಡುತ್ತಿದ್ದೆ ಎನ್ನಿಸಿ ಬೆನ್ನು ನೆಟ್ಟಗೆ ಮಾಡಿಕೊಂಡ. ಹತ್ತು ಹೆಜ್ಜೆಗೆ ಮತ್ತೆ ಬಗ್ಗಿತು. ಚಿಕ್ಕಂದಿನಲ್ಲಿ ಅಕ್ಕನ ಹಿಂದೆ ಹೀಗೆಯೇ ಹೋಗಿದ್ದ. ಬಟ್ಟೆ ಅಂಗಡಿಯಲ್ಲಿ ಅಳತೆ ಹಾಕುವ ಒಬ್ಬ ತೆಳ್ಳಗಿನ ಹುಡುಗನನ್ನು ಅವಳು ಮಾತಾಡಿಸುತ್ತಾಳೆ ಎಂದು ಅಪ್ಪ ಇವನನ್ನು ಬೇಹಿಗೆ ಕಳಿಸಿದ್ದರು. ಅಕ್ಕ ತಿರುಗಿ ನೋಡಿ, ಹಿಡಿದು, ಕಿವಿ ಹಿಂಡುವ ಬದಲು ಅಂಗಡಿಯೊಳಗೇ ಕರೆದುಕೊಂಡು ಹೋಗಿದ್ದಳು. ಆ ತೆಳ್ಳಗಿನ ಹುಡುಗ ಒಂದು ಅಂಗಿಬಟ್ಟೆ ಅಳೆದುಕೊಡುತ್ತ "ಯಜಮಾನ್ರು ಹೇಳ್ತಾರೆ, ಪ್ರತಿ ಮೀಟರಿಗೆ ಒಂದು ಹೆಬ್ಬೆರಳು ಅಂಗಡಿಗೆ ಸೇರಿದ್ದು ಅಂತ. ಕೋಲಿನ ಮೇಲೆ ಹೆಬ್ಬೆರಳಿಟ್ಟು ಅಲ್ಲಿಂದ ಅಳೀಬೇಕಂತೆ. ನನಗೆ ಆಗಲ್ಲ" ಎಂದಿದ್ದ. ಆಮೇಲೆ ಅವನನ್ನು ಅಳತೆಯಿಂದ ತೆಗೆದು ಗೋದಾಮಿಗೆ ಹಾಕಿದರು. ಮೂವತ್ತು ವರ್ಷ ಗೋದಾಮಿನಲ್ಲಿ ಗಂಟು ಕಟ್ಟಿದರು ಭಾವ. "ಬದುಕೋಕೆ ಬಾರದ ಭಾವ" ಎಂದು ಇವನು ಮದುವೆಮನೆಯಲ್ಲಿ ನಗಿಸುತ್ತಿದ್ದ. ಎಲ್ಲರಿಗಿಂತ ಜೋರಾಗಿ ಭಾವನೇ ನಗುತ್ತಿದ್ದರು. ಆಗ ಬಾರದ ಬದುಕು ಈಗ ಬಂತೇನೋ. ಮುಪ್ಪಿನಲ್ಲಿ ಎಲ್ಲರಿಗೂ ಎಲ್ಲವೂ ಬರುತ್ತದೆ.

ಅಂಚೆ ಕಚೇರಿಯ ಬಾಗಿಲ ಪಕ್ಕದ ಕಂಬದ ಹಿಂದೆ ನಿಂತು ನೋಡಿದ. ಕಿಟಕಿಯಲ್ಲಿದ್ದ ಹೆಂಗಸು ಭಾವನನ್ನು ಕಂಡೊಡನೆ ಮುಖ ಅರಳಿಸಿದಳು. ಪೆಟ್ಟಿಗೆ ತೂಗಿದಳು, ಚೀಟಿ ಅಂಟಿಸಿದಳು, ಚಿಲ್ಲರೆ ಎಣಿಸಿ ಕೊಟ್ಟಳು. ಅದನ್ನು ಭಾವ ಒಂದು ಸಣ್ಣ ಬಟ್ಟೆಚೀಲಕ್ಕೆ ಹಾಕಿಕೊಂಡರು. ನೋಡು! ಆಮೇಲೆ ಅವಳು ಮೇಜಿನ ಕೆಳಗೆ ಬಗ್ಗಿ ಕಾಗದದಲ್ಲಿ ಸುತ್ತಿದ ಏನನ್ನೋ ತೆಗೆದು, ಆ ಕಡೆ ಈ ಕಡೆ ನೋಡಿ, ಕಿಟಕಿಯಿಂದ ದಾಟಿಸಿದಳು. ಭಾವ ಅದನ್ನು ಚೀಲದ ತಳಕ್ಕೆ ತುರುಕಿಕೊಂಡು ಕೈ ಮುಗಿದರು. ನೋಡು, ನೋಡು! ಅವನ ಎದೆ ಸಂತೋಷದಿಂದ ಹೊಡೆದುಕೊಳ್ಳುತ್ತಿತ್ತು. ಮನೆಯವನೇ ಕಳ್ಳ ಎಂದು ಗೊತ್ತಾದಾಗ ಸಂತೋಷವಾಗುವುದು ಎಂಥದು ಎಂದು ಒಂದು ಕ್ಷಣ ಹೊಳೆಯಿತು. ಅದನ್ನು ಅಲ್ಲೇ ಅದುಮಿದ.

ಭಾವ ಹೋದ ಮೇಲೆ ಕಿಟಕಿಗೆ ಹೋಗಿ, "ಆ ಮುದುಕರು ತಂದ ಪಾರ್ಸೆಲು ಎಷ್ಟು ತೂಗಿತು?" ಎಂದ.

"ನೀವ್ಯಾರು?"

"ಮಾಲು ನಂದು."

"ಓ, ಗಡಿಯಾರದೋರು!" ಎಂದು ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಆ ನೋಟ ಅವನಿಗೆ ಗುರುತಿತ್ತು. ಯಜಮಾನ ಜೇಬು ತಟ್ಟುವಾಗ ಪಕ್ಕದ ಅಂಗಡಿಯವರು ನೋಡುತ್ತಿದ್ದ ನೋಟ ಅದು. "ನಿಮ್ಮ ಚೀಟಿಗಿಂತ ಕಮ್ಮಿನೇ ಬಂತು. ಯಾವಾಗ್ಲೂ ಕಮ್ಮಿನೇ ಬರೋದು. ನಿಮಗೆ ಗೊತ್ತಿರಬೇಕಲ್ಲ?"

ನನಗೆ ಹೇಗೆ ಗೊತ್ತಿರಬೇಕು? ಏನು ನಾಟಕ! ಅವನು ಉತ್ತರ ಕೊಡದೆ ಹೊರಬಿದ್ದು, ಅಡ್ಡದಾರಿಯಲ್ಲಿ ಓಡುವಂತೆ ನಡೆದು ಭಾವನಿಗಿಂತ ಮೊದಲು ಮನೆ ಸೇರಿ, ಏದುಸಿರು ಅಡಗಿಸಿಕೊಂಡು ಕೂತ. ಭಾವ ಒಳಗೆ ಬಂದು ಬೂಟು ಬಿಚ್ಚುವ ಮೊದಲೇ ಚೀಲ ಕಿತ್ತುಕೊಂಡ.

"ಇದೇನು? ಆ ಹೆಂಗಸು ಏನು ಕೊಟ್ಲು? ನಿಮ್ಮ ಪಾಲಾ?"

ಕಾಗದ ಹರಿದ. ಹುರಿ. ಜನ ಅಂಚೆ ಕಚೇರಿಯಲ್ಲಿ ಬಿಟ್ಟುಹೋದ, ಗೇಣುದ್ದದ, ಮೊಳದುದ್ದದ ಹುರಿಯ ತುಂಡುಗಳು, ಒಂದೊಂದೂ ಪುಟ್ಟ ಉಂಡೆಯಾಗಿ ಸುತ್ತಿದ್ದು. ಅವನಿಗೆ ಪಾರ್ಸೆಲ್ಲಿನ ಹುರಿ ಎಲ್ಲಿಂದ ಬರುತ್ತದೆಂದು ಇದುವರೆಗೆ ಗೊತ್ತಿರಲಿಲ್ಲ. ಗಂಟುಗಳು ಅಷ್ಟೊಂದು ಏಕೆ ಇರುತ್ತವೆಂದೂ ಗೊತ್ತಿರಲಿಲ್ಲ.

"ನನ್ನ ಹಿಂದೆ ಬಂದಿದ್ದೆಯಾ?" ಎಂದರು ಭಾವ.

"ಬರದೆ ಇನ್ನೇನು ಮಾಡ್ಲಿ? ಕಳ್ಳನ್ನ ಮನೇಲಿಟ್ಟುಕೊಂಡು ನಿದ್ದೆ ಮಾಡ್ಲಾ? ಚಿಲ್ಲರೆ ಎಲ್ಲಿ? ಮೂರು ವರ್ಷದ ಚಿಲ್ಲರೆ ಎಲ್ಲಿ? ಆ ಬೂಟು ಎಲ್ಲಿಂದ ಬಂತು?"

"ಬೂಟು ನಾನು ಕೊಡಿಸಿದ್ದು," ಎಂದಳು ಹೆಂಡತಿ. ಅವಳ ದನಿ ಅವನು ಕೇಳಿ ಗೊತ್ತಿದ್ದ ದನಿಯಾಗಿರಲಿಲ್ಲ. "ಹಳೇದು ತೂತು ಬಿದ್ದಿತ್ತು. ದಿನಾ ನಿಮ್ಮ ಪೆಟ್ಟಿಗೆ ಹೊತ್ತು ನಡೀತಾರಲ್ಲ, ನಿಮ್ಮ ಕಣ್ಣಿಗೆ ಬೀಳಲಿಲ್ಲ. ಚಿಲ್ಲರೆ ಎಲ್ಲಿ ಅಂತ ಬೇಕಾ? ಬನ್ನಿ."

ನಡುಮನೆಯ ಗೋಡೆಯಲ್ಲಿ ಯಂತ್ರ ಕಿತ್ತ ಗಡಿಯಾರದ ಪೆಟ್ಟಿಗೆಯೊಂದು ಮೊದಲಿನಿಂದಲೂ ನೇತಾಡುತ್ತಿತ್ತು. ಅವಳು ಅದರ ಗಾಜಿನ ಬಾಗಿಲು ತೆಗೆದಳು. ಒಳಗೆ ಲೋಲಕ ಆಡಬೇಕಾದ ಜಾಗದಲ್ಲಿ ಒಂದು ಹಿಡಿ ನಾಣ್ಯ. ಪಕ್ಕದಲ್ಲಿ ಕಂಬಿಗೆ ಚುಚ್ಚಿದ ಅಂಚೆಯ ರಸೀದಿಗಳು, ಗೋದಾಮಿನ ಶಿಸ್ತಿನಲ್ಲಿ, ಹಳೆಯದು ಕೆಳಗೆ ಹೊಸದು ಮೇಲೆ. "ಮೊದಲನೇ ದಿನ ಅಣ್ಣ ಚಿಲ್ಲರೆ ಕೊಡೋಕೆ ಬಂದ್ರೆ, 'ನನ್ನ ಕೈ ಎಣ್ಣೆ, ಅದರೊಳಗೆ ಹಾಕಿ' ಅಂತ ತೋರಿಸಿದ್ದು ನೀವೇ. ತಲೆ ಕೂಡ ಎತ್ತಲಿಲ್ಲ. ಅದರಲ್ಲೇ ನಾನು ಹಾಲು, ಸೋಪು ತರ್ತಿದ್ದೆ. ನಿಮ್ಮ ದುಡ್ಡು, ನಿಮಗೆ ಗೊತ್ತು ಅಂದ್ಕೊಂಡೆ."

ಬೆಳಗ್ಗೆ ಅವನು ಕುಡಿದದ್ದೂ ಆ ಹಾಲನ್ನೇ. ಆದರೂ ಬಾಯಿ ಸೋಲಲಿಲ್ಲ. "ಸರಿ. ಚಿಲ್ಲರೆ ಇಲ್ಲಿದೆ. ತೂಕ? ನಾನು ತೂಗಿದಾಗ ನಾಲ್ಕು ಕಿಲೋ ಇನ್ನೂರು. ಅದು ಹೇಗೆ ಕಮ್ಮಿ ಆಗತ್ತೆ?"

ಭಾವ ಅವನ ಮುಖವನ್ನೇ ನೋಡಿದರು. ಅಳತೆಗೆ ಬಂದ ಬಟ್ಟೆಯ ಬಣ್ಣ ಬಿಡುತ್ತದೋ ಇಲ್ಲವೋ ಎಂದು ನೋಡುವಂತೆ.

"ನಿಜವಾಗ್ಲೂ ಕೇಳ್ತಿದೀಯಾ?"

"ಮತ್ತೆ?"

"ಒಂದು ಪೆಟ್ಟಿಗೆ ತೂಗು."

ನಾಳೆಗೆಂದು ತೂಗಿ ಕಟ್ಟಿ, ಹಣ ಮಡಚಿದ ಚೀಟಿಯೊಂದಿಗೆ ಇಟ್ಟ ಪೆಟ್ಟಿಗೆಯೊಂದು ಮೇಜಿನ ಮೇಲಿತ್ತು. ಅವನು ಅದನ್ನು ತಕ್ಕಡಿಯ ಮೇಲಿಟ್ಟ. ತಕ್ಕಡಿಯ ತಟ್ಟೆ ಊಟದ ತಟ್ಟೆಯಷ್ಟು, ಪೆಟ್ಟಿಗೆ ಎರಡು ಮೊಳ. ಒಂದು ಕಡೆಗೆ ವಾಲುತ್ತದೆಂದು ಎಡಗೈಯನ್ನು ಮೇಲಿಟ್ಟು ಹಿಡಿದ. ಅಂಕಿ ಪೆಟ್ಟಿಗೆಯ ಅಡಿಯಲ್ಲಿ ಮರೆಯಾಗಿತ್ತು. ಯಾವಾಗಿನಂತೆ ಬಗ್ಗಿ ಓದಿದ. "ಐದು ಕಿಲೋ ನೂರು."

"ಈಗ ಕೈ ತೆಗಿ."

"ಬೀಳತ್ತೆ."

"ನಾನು ಹಿಡೀತೀನಿ, ಬೀಳೋ ಹಾಗಾದ್ರೆ. ಕೈ ತೆಗಿ."

ಕೈ ತೆಗೆದ. ಪೆಟ್ಟಿಗೆ ಒಮ್ಮೆ ತೂಗಾಡಿ ತಾನಾಗಿ ನಿಂತಿತು. ನಾಲ್ಕು ಕಿಲೋ ಇನ್ನೂರ ಐವತ್ತು. ಮತ್ತೆ ಕೈ ಇಟ್ಟು ಬಗ್ಗಿದ. ಐದು. ತೆಗೆದ. ನಾಲ್ಕೂಕಾಲು. ನಾನೂರ ಹದಿಮೂರು ಜನ ಅವನ ಕೈಯ ಭಾರಕ್ಕೆ ಅಂಚೆಯ ಹಣ ಕೊಟ್ಟಿದ್ದರು. ಅದರಲ್ಲಿ ಒಬ್ಬನೇ ಒಬ್ಬ ಚೀಟಿ ಓದಿದ್ದ.

"ನನಗೆ ಗೊತ್ತಿರಲಿಲ್ಲ," ಎಂದ. ಆ ಮಾತು ಬಾಯಿಂದ ಹೊರಬಿದ್ದ ರೀತಿ ಅವನಿಗೇ ಸುಳ್ಳಿನಂತೆ ಕೇಳಿಸಿತು. ಗೊತ್ತಿರಲಿಲ್ಲವೇ? ಒಮ್ಮೆ ಕೈ ತೆಗೆಯುವಾಗ ಅಂಕಿ ಸರ್ರನೆ ಇಳಿದದ್ದು ಕಣ್ಣಂಚಿನಲ್ಲಿ ಕಂಡಿತ್ತಲ್ಲ? ಪೆಟ್ಟಿಗೆ ಎತ್ತಿದರೆ ಇಳಿಯಲೇಬೇಕು ಎಂದುಕೊಂಡು ಚೀಟಿ ಬರೆದಿದ್ದನಲ್ಲ? ತಲೆಗೆ ಗೊತ್ತಿರಲಿಲ್ಲ, ಸರಿ. ಕೈಗೆ? ಮೂರು ಕೂದಲೆಳೆಯಷ್ಟು ಸಡಿಲವಾದ ತಿರುಪನ್ನು ಕಣ್ಣುಮುಚ್ಚಿ ಹೇಳುವ ಕೈ ಅದು.

"ನಿನಗೆ ಗೊತ್ತಿದ್ದೇ ಮಾಡ್ತಿದೀಯ ಅಂದ್ಕೊಂಡಿದ್ದೆ," ಎಂದರು ಭಾವ. "ನಮ್ಮ ಅಂಗಡೀಲಿ ಹೆಬ್ಬೆರಳಿತ್ತು. ನಿನ್ನ ಅಂಗಡೀಲಿ ಅಂಗೈ."

"ಮೂರು ವರ್ಷ? ನನ್ನನ್ನ ಕಳ್ಳ ಅಂದ್ಕೊಂಡು ಮೂರು ವರ್ಷ ನನ್ನ ಮನೇಲಿ ಊಟ ಮಾಡಿದ್ರಾ?"

"ಹೌದು."

"ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ಗೋದಾಮಿಗೆ ಹಾಕ್ತಾರೆ ಅಂತ ಒಂದು ಸಲ ಕಲಿತಿದ್ದೆ. ಇಲ್ಲಿ ಗೋದಾಮೂ ಇರಲಿಲ್ಲ." ಭಾವ ಮತ್ತೆ ಬಾಯಿಯ ಮೂಲೆಯಲ್ಲಿ ನಕ್ಕರು. ಆ ನಗು ತಮ್ಮ ಮೇಲೆಯೇ ನಕ್ಕದ್ದು, ಮೊದಲಿನಿಂದಲೂ ತಮ್ಮ ಮೇಲೆಯೇ ನಗುತ್ತಿದ್ದದ್ದು ಎಂದು ಅವನಿಗೆ ಆಗ ಹೊಳೆಯಿತು. "ಹೋಗ್ಲಿ ಬಿಡು. ಗೊತ್ತಿಲ್ದೆ ಆಗಿದ್ದು ಅಂತಾಯ್ತಲ್ಲ, ನನಗೆ ಅದೇ ದೊಡ್ಡದು. ಆ ಗಿರಾಕಿಗೆ ಬರಿ. ತೂಗೋವಾಗ ಕೈ ತಾಗಿತ್ತು, ಹಣ ವಾಪಸ್ಸು ಕಳಿಸ್ತೀನಿ ಅಂತ. ಕೆಂಪು ಗುರುತು ತೆಗೆದ್ರೂ ತೆಗೀಬಹುದು."

ಫೋನು ಮೇಜಿನ ಮೇಲೆ ಮುಖ ಮೇಲಾಗಿ ಬಿದ್ದಿತ್ತು. ಅವನ ಕೈ ಅದನ್ನು ಮುಚ್ಚಲು ಹೋಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡಂತೆ. ಹೆಂಡತಿ ಅದಕ್ಕಿಂತ ಮೊದಲು ಎತ್ತಿಕೊಂಡಳು. ಓದಿದಳು. ಫೋನನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಏನಮ್ಮಾ?" ಎಂದರು ಭಾವ.

"ಏನಿಲ್ಲ ಅಣ್ಣಾ."

"ಕೊಡು."

ಕನ್ನಡಕ ಹಾಕಿಕೊಂಡು, ಪಾರ್ಸೆಲ್ಲಿನ ವಿಳಾಸ ಓದುವ ಹಾಗೆ ತೋರುಬೆರಳಿಟ್ಟು, ಒಂದೊಂದೇ ಪದ ಓದಿದರು. 'ಒಬ್ಬ ಮುದುಕನಿದ್ದಾನೆ' ಎನ್ನುವಲ್ಲಿ ಬೆರಳು ನಿಂತಿತು. ಅಲ್ಲಿಂದ 'ಕೈ ಚುರುಕು' ಎನ್ನುವವರೆಗೆ ಬರಲು ಬಹಳ ಹೊತ್ತು ಹಿಡಿಯಿತು.

"ಇದನ್ನ ಅಳಿಸೋಕೆ ಬರತ್ತಾ?"

"ಇಲ್ಲ," ಎಂದ ಅವನು.

"ಎಲ್ಲರೂ ಓದಬಹುದಾ?"

ಅವನು ತಕ್ಕಡಿಯ ಅಂಕಿಯ ಕಡೆ ತಿರುಗಿಕೊಂಡ.

"ಭಾವ ಅಂತಾದ್ರೂ ಬರೀಬಹುದಿತ್ತು," ಎಂದರು ಭಾವ. ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು, ಗಾಜು ಇರುವ ವಸ್ತುವನ್ನು ಇಡುವಂತೆ. "ತೆಗೆದುಹಾಕಿದ್ದೇನೆ ಅಂತ ಬರ್ದಾಗಿದೆ. ನಿನ್ನ ಮಾತು ಸುಳ್ಳಾಗಬಾರದು."

"ಭಾವ, ಸಿಟ್ಟಲ್ಲಿ..."

"ಗೊತ್ತು. ನಿನ್ನಕ್ಕನಿಗೂ ಹಾಗೇ ಬರ್ತಿತ್ತು. ಅವಳು ಆಮೇಲೆ ಅಳ್ತಿದ್ದಳು."

ತಕ್ಕಡಿಯ ಮೇಲಿದ್ದ ಪೆಟ್ಟಿಗೆಯನ್ನು ಚೀಲಕ್ಕೆ ಇಳಿಸಿದರು. ಅವನು ಬರೆದ ಚೀಟಿಯಲ್ಲಿ ಐದು ಕಿಲೋ ನೂರು ಎಂದಿದ್ದದ್ದನ್ನು ಹೊಡೆದು ಕೆಳಗೆ ನಾಲ್ಕು ಕಿಲೋ ಇನ್ನೂರ ಐವತ್ತು ಎಂದು ಬರೆದರು. ನಾಳೆಯದು ಇವತ್ತೇ ಹೋಗಲಿ, ಐದರವರೆಗೆ ಕಿಟಕಿ ತೆಗೆದಿರತ್ತೆ ಎಂದರು. ಬೂಟು ಕಾಲಲ್ಲೇ ಇತ್ತು. ಹೆಂಡತಿ "ಅಣ್ಣಾ, ಚಹಾ ಕುಡಿದು ಹೋಗಿ" ಎಂದಳು. "ಬಂದು ಕುಡೀತೀನಮ್ಮ" ಎಂದರು. ಟ್ರಂಕು ಹಿಂದಿನ ಕೋಣೆಯಲ್ಲೇ ಇತ್ತು. ಅದಕ್ಕೇ ಅವನು ಬಾಗಿಲವರೆಗೆ ಹೋಗಲಿಲ್ಲ. ಕಿಟಕಿಯಿಂದ ನೋಡಿದ. ಒಂದು ಭುಜ ಕೆಳಗಾಗಿ ನಡೆಯುತ್ತಿದ್ದ ಭಾವ ನಾಲ್ಕನೇ ಕಂಬದ ಹತ್ತಿರ ನಿಂತು ಕೈ ಬದಲಾಯಿಸಿಕೊಂಡರು. ತಿರುಗಿ ನೋಡುತ್ತಾರೆ ಎಂದು ಅವನು ಪರದೆಯ ಹಿಂದೆ ಸರಿದ. ಅವರು ನೋಡಲಿಲ್ಲ.

ಐದು ಹೊಡೆಯಿತು. ಆ ಮನೆಯಲ್ಲಿ ಐದು ಒಂದೇ ಸಲ ಹೊಡೆಯುವುದಿಲ್ಲ, ಹನ್ನೊಂದು ಗಡಿಯಾರಗಳು ಒಂದರ ಹಿಂದೊಂದು ಹೊಡೆಯುತ್ತವೆ. ಆರೂ ಹಾಗೆಯೇ ಹೊಡೆಯಿತು. ಹೆಂಡತಿ ಚಹಾ ಎರಡು ಸಲ ಬಿಸಿ ಮಾಡಿದಳು. ಮೂರನೇ ಸಲ ಮಾಡಲಿಲ್ಲ.

ಆರನೇ ದಿನ ಆ ಪೆಟ್ಟಿಗೆ ಕೊಂಡವರು ಹಸಿರು ಗುರುತು ಹಾಕಿದರು. 'ಗಂಟು ಕತ್ತರಿಸಲು ಮನಸ್ಸು ಬರಲಿಲ್ಲ, ಒಂದೊಂದಾಗಿ ಬಿಚ್ಚಿದೆ' ಎಂದು ಬರೆದಿದ್ದರು. ಅದೇ ದಿನ ಅಂಚೆಯವನು ಒಂದು ದಪ್ಪ ಲಕೋಟೆ ತಂದು ಕೊಟ್ಟ. ಮೇಲೆ ಭಾವನ ಅಕ್ಷರದಲ್ಲಿ ಅವನ ವಿಳಾಸ, ಕಳಿಸಿದವರ ಜಾಗ ಖಾಲಿ, ಮುದ್ರೆ ಮಸಿ ಕದಡಿ ಓದಲಾಗದು. ಒಳಗೆ ರಸೀದಿ, ಉಳಿದ ಚಿಲ್ಲರೆ. ಬೇರೇನೂ ಇರಲಿಲ್ಲ. ಕಾಗದವಿದೆಯೇನೋ ಎಂದು ಅವನು ಲಕೋಟೆಯನ್ನು ಪೂರ್ತಿ ಹರಿದು ಒಳಮೈ ನೋಡಿದ.

"ಅದರೊಳಗೆ ಹಾಕಿ," ಎಂದಳು ಹೆಂಡತಿ, ನಡುಮನೆಯ ಖಾಲಿ ಗಡಿಯಾರದ ಕಡೆ ನೋಡದೆ.

ಅವನು ಗಾಜಿನ ಬಾಗಿಲು ತೆಗೆದು ರಸೀದಿಯನ್ನು ಕಂಬಿಗೆ ಚುಚ್ಚಲು ಹೋದ. ಚುಚ್ಚುವ ಮೊದಲು ಕಿಟಕಿಯಲ್ಲಿ ತೂಗಿದ ತೂಕ ಎಷ್ಟೆಂದು ನೋಡಿದ. ನಾಲ್ಕು ಕಿಲೋ ಇನ್ನೂರ ಐವತ್ತು.